ಸ್ವಾಲ್ಬಾರ್ಡ್ ಹಿಮನದಿ ಶಿಬಿರ: ಬೂಟಿಗೆ ಎರಡು ಅಂಕ, ಮೇಷ್ಟ್ರಿಗೆ ಹತ್ತು

ಕಳೆದ ವರ್ಷ ಏಪ್ರಿಲ್‌ನಲ್ಲಿ ಹನ್ನೆರಡು ಹುಡುಗ ಹುಡುಗಿಯರ ಜೊತೆ, ಉತ್ತರ ಧ್ರುವದ ಕಡೆಗಿರುವ ನಾರ್ವೆಯ ದ್ವೀಪಗಳಾದ ಸ್ವಾಲ್ಬಾರ್ಡ್‌ಗೆ ಹೋಗಿ ಬಂದೆ. ಒಂಬತ್ತು ದಿನದ ಹಿಮನದಿ ತರಬೇತಿ ಶಿಬಿರ. ನಾನು ಭೌತಶಾಸ್ತ್ರ ಹೇಳಿಕೊಡುವವನು. ಆದರೆ ಹೋಗಿದ್ದು ಪಾಠಕ್ಕಲ್ಲ, ಮಕ್ಕಳು ಟೋಪಿ ಹಾಕಿಕೊಂಡಿದ್ದಾರಾ ಅಂತ ನೋಡಿಕೊಳ್ಳೋಕೆ. ಕಳಿಸಬಹುದಾ ಅಂತ ಕೇಳುವ ಪೋಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೈದು ಮುಗಿಸುತ್ತೇನೆ. ಸಲಕರಣೆ ಎಲ್ಲ ನಮ್ಮದೇ ಅಂದಿದ್ದರು ಆಯೋಜಕರು. ಬೂಟು ಕೊಟ್ಟರು, ಐಸ್ ಮೇಲೆ ಜಾರದಿರಲಿ ಅಂತ ಅದರ ಅಡಿಗೆ ಕಟ್ಟುವ ಮುಳ್ಳಿನ ಕ್ರ್ಯಾಂಪಾನ್ ಬೇರೆ ಅಳತೆಯದು. ಅರ್ಧ ಗಂಟೆ ನಡೆಯುವಷ್ಟರಲ್ಲಿ ನನ್ನ ಎಡಗಾಲಿನದು ಪಕ್ಕಕ್ಕೆ ತಿರುಗಿಕೊಂಡಿತು. ಪಟ್ಟಿ ಬಿಗಿಯೋಣ ಅಂತ ಕೈಗವಸು ತೆಗೆದೆ. ಮೈನಸ್ 17 ಡಿಗ್ರಿ. ಎರಡು ನಿಮಿಷಕ್ಕೆ ಬೆರಳು ನನ್ನದೇ ಅಲ್ಲ ಅನ್ನಿಸಿತು. ಆಮೇಲೆ ಎರಡು ದಿನ ಬಿರುಗಾಳಿ, ಹೊರಗೆ ಕಾಲಿಡೋ ಹಾಗಿಲ್ಲ. ಅದು ಯಾರ ತಪ್ಪೂ ಅಲ್ಲ. ಆದರೆ ಅಂಥ ದಿನಕ್ಕೆ ಅಂತ ಏನೂ ಯೋಚಿಸಿಟ್ಟಿರಲಿಲ್ಲ. ಹಿಮಕರಡಿಯ ವಿಡಿಯೊ ಹಾಕಿ ಕೂರಿಸಿದರು, ಅದೂ ಎರಡು ಸಲ.

ಇಷ್ಟಾದರೂ ಹೋಗಿ ಅಂತೀನಲ್ಲ, ಅದಕ್ಕೆ ಕಾರಣ ಪಾಠ ಹೇಳಿದ ಹಿಮನದಿ ವಿಜ್ಞಾನಿ. ಎಪ್ಪತ್ತು ದಾಟಿದವರು. 22ನೇ ವಯಸ್ಸಿಗೆ ಸಹಾಯಕನಾಗಿ ಸೇರಿದಾಗ ಅವರ ಕೆಲಸ ಸಲಿಕೆ ಹಿಡಿಯೋದಷ್ಟೇ ಆಗಿತ್ತಂತೆ. ಆಮೇಲೆ ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ, ತಿರುಗಿ ಇಲ್ಲಿಗೆ. ಮೊದಲ ದಿನ ಎಲ್ಲರ ಕೈಗೂ ಒಂದೊಂದು ಪೆನ್ಸಿಲ್ ಕೊಟ್ಟು, ಪೆನ್ನುಗಳನ್ನು ಒಳಗಿಡಿಸಿದರು. ಚಳಿಗೆ ಶಾಯಿ ಗಟ್ಟಿಯಾಗುತ್ತೆ, ಅಲ್ವಾ.

ಗುಂಡಿ ತೋಡಿದ ದಿನವೇ ಇಡೀ ಶಿಬಿರ ಅನ್ನಬಹುದು. ಲಾಂಗ್‌ಇಯರ್‌ಬೈನ್ ಊರಿನ ಮೇಲುಗಡೆ ಇರುವ ಹಿಮನದಿ. ಕರಡಿಗೆ ಅಂತ ಬಂದೂಕು ಹಿಡಿದ ಗೈಡ್ ಒಂದು ಕಡೆ ನಿಂತ. ಮಕ್ಕಳು ಚಳಿಗಾಲದ ಹಿಮ ಮುಗಿದು ಹಳೆಯ ಮಂಜುಗಡ್ಡೆ ಸಿಗುವವರೆಗೆ ತೋಡಿದರು. 1.40 ಮೀಟರ್. ಬಿಸಿಲು ಬೀಳದ ಗೋಡೆಯನ್ನೇ ನುಣುಪಾಗಿ ಕೆರೆಯಬೇಕು, ಅದರ ಮೇಲಂಚನ್ನು ಯಾರೂ ತುಳಿಯಬಾರದು. ಒಬ್ಬ ತುಳಿದ. ಸರ್ ರೇಗಲಿಲ್ಲ, ಸಲಿಕೆ ಕೊಟ್ಟು ಆ ಕಡೆ ಹೊಸದಾಗಿ ಒಂದು ಗೋಡೆ ಮಾಡು ಅಂದರು ಅಷ್ಟೇ.

ಲೋಹದ ಕೊಳವೆಯನ್ನು ಗೋಡೆಗೆ ಚುಚ್ಚಿ, ಹಿಮ ತುಂಬಿಸಿ, ತೂಕ ಮಾಡೋದು. ಮೇಲಿಂದ ಕೆಳಗಿನವರೆಗೆ ಹೀಗೇ. ಸರಾಸರಿ ಘನಮೀಟರಿಗೆ 380 ಕಿಲೋ ಬಂತು. ಇಷ್ಟೂ ಕರಗಿದರೆ ನೀರೆಷ್ಟು ಅಂತ ಕೇಳಿದರು. ಒಂದು ಮೀಟರ್ ಅಂದವರೇ ಜಾಸ್ತಿ. ಲೆಕ್ಕ ಹಾಕಿದರೆ 53 ಸೆಂಟಿಮೀಟರ್. ಚಳಿಗಾಲದ ಜಮಾ ಇಷ್ಟು, ಬೇಸಿಗೆಯಲ್ಲಿ ಕರಗಿ ಹೋಗುವ ಖರ್ಚು ಎಷ್ಟು ಅಂತ ನೋಡಬೇಕು. ಇದೇ ದ್ವೀಪದ ನೀ-ಓಲೆಸುಂಡ್ ಪಕ್ಕದ ಹಿಮನದಿಯೊಂದರಲ್ಲಿ 1960ರ ದಶಕದಿಂದ ಈ ಲೆಕ್ಕ ಬರೆಯುತ್ತಾ ಬಂದಿದ್ದಾರೆ. ಹೆಚ್ಚುಕಡಿಮೆ ಎಲ್ಲ ವರ್ಷವೂ ಖರ್ಚೇ ಜಾಸ್ತಿ.

ಗೋಡೆಯ ನಡುವೆ ಬೆರಳು ದಪ್ಪದ ಗಟ್ಟಿ ಐಸ್ ಪದರ ಇತ್ತು. ಇದೇನು ಸರ್ ಅಂತ ಒಬ್ಬ ಹುಡುಗಿ ಕೇಳಿದಳು. ನೀನೇ ಹೇಳು ಅಂದು ಥರ್ಮಾಸ್‌ನಿಂದ ಟೀ ಬಗ್ಗಿಸಿಕೊಂಡರು. ನನಗೆ ಬಾಯಿ ತುರಿಸುತ್ತಿತ್ತು, ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ರಾತ್ರಿ ಊಟದ ಹೊತ್ತಿಗೆ ಅವಳೇ ಓಡಿ ಬಂದಳು: "ಸರ್, ಚಳಿಗಾಲದಲ್ಲೇ ಮಳೆ ಬಂದಿದೆ!" ಹೌದು. ಹಾಗೆ ಮಳೆ ಬಂದು ನೆಲದ ಮೇಲೆ ಹೆಪ್ಪುಗಟ್ಟಿದ ವರ್ಷ ಇಲ್ಲಿನ ಹಿಮಸಾರಂಗಗಳಿಗೆ ಮೇವು ಸಿಗದೆ ಸಾಯುತ್ತವೆ ಅಂತ ಆಗ ಹೇಳಿದರು. ಅವಳು ಊಟ ಬಿಟ್ಟು ನೋಟ್‌ಬುಕ್ ತೆಗೆದಳು.

ತಮ್ಮ ಸಾಹಸ ಕೇಳಿದರೆ ಮಾತು ತಪ್ಪಿಸುತ್ತಾರೆ. ಹೇಳಿದ್ದು ರಾಯ್ ಕೋರ್ನರ್ ಕಥೆ. 1968ರಲ್ಲಿ ಬ್ರಿಟಿಷ್ ಅನ್ವೇಷಕ ವಾಲಿ ಹರ್ಬರ್ಟ್ ಸೇರಿ ನಾಲ್ವರು ಅಲಾಸ್ಕಾದ ಪಾಯಿಂಟ್ ಬ್ಯಾರೋದಿಂದ ನಾಯಿಗಳ ಜಾರುಬಂಡಿ ಕಟ್ಟಿಕೊಂಡು ಹೊರಟು, ಉತ್ತರ ಧ್ರುವ ದಾಟಿ, 1969ರ ಮೇ ಕೊನೆಗೆ ಇದೇ ಸ್ವಾಲ್ಬಾರ್ಡ್ ಹತ್ತಿರ ಬಂದರಲ್ಲ, ಅವರಲ್ಲಿ ಕೋರ್ನರ್ ಹಿಮನದಿ ವಿಜ್ಞಾನಿ. ದಾರಿಯುದ್ದಕ್ಕೂ ಸಮುದ್ರದ ಐಸ್ ಅಳೆಯೋದೇ ಕೆಲಸ. ಆಮೇಲೆ ಕೆನಡಾದ ಡೆವನ್ ದ್ವೀಪದಲ್ಲಿ ದಶಕಗಟ್ಟಲೆ ಅಳತೆ. ವಯಸ್ಸಾದ ಮೇಲೆ ವಿದ್ಯಾರ್ಥಿಗಳ ಧ್ರುವಯಾತ್ರೆಗಳಲ್ಲಿ ಪಾಠ. ನಮ್ಮ ಸರ್ ಮೆಚ್ಚಿಕೊಂಡಿದ್ದು ಧ್ರುವ ದಾಟಿದ್ದನ್ನಲ್ಲ, ಅಷ್ಟು ನಡೆದು ಸುಸ್ತಾದ ಮೇಲೂ ಅಳತೆ ಬಿಡದಿದ್ದನ್ನು.

ಕೊನೆಯ ದಿನ ಆಯೋಜಕರು "ಧ್ರುವ ಅನ್ವೇಷಕ" ಅಂತ ಪ್ರಮಾಣಪತ್ರ ಹಂಚಿದರು. ಸುಮ್ನೆ ಕಾಗದ. ಅದಕ್ಕಿಂತ ಕಂಬ ಹಂಚಿಕೊಟ್ಟಿದ್ದು ಒಳ್ಳೆಯದಾಯಿತು. ಎಷ್ಟು ಜಮಾ ಆಯಿತು, ಎಷ್ಟು ಕರಗಿತು ಅಂತ ನೋಡೋಕೆ ಐಸ್ ಒಳಗೆ ನೆಟ್ಟ ಅಳತೆ ಕಂಬಗಳು, ಇಬ್ಬರಿಗೊಂದು. ಕಂಬದ ಸುತ್ತ ಗಾಳಿ ಹಿಮವನ್ನು ಕೊರೆದಿರುತ್ತದೆ, ಬದಿಗೊಂದು ಅಳತೆ ಬರುತ್ತದೆ. ಯಾವ ಬದಿಯಿಂದ ಅಳೆದೆ ಅಂತ ಬರೆಯದಿದ್ದರೆ ಸರ್ ಆ ಅಂಕಿಯನ್ನೇ ಹೊಡೆದು ಹಾಕುತ್ತಿದ್ದರು.

ಕಳಿಸುವವರು ಬೂಟು, ಕ್ರ್ಯಾಂಪಾನ್ ಎರಡನ್ನೂ ಸ್ವಂತದ್ದೇ ಕೊಡಿ, ಮನೆಯಲ್ಲೇ ಕಟ್ಟಿ ನೋಡಿ. ಎರಡು ಜೊತೆ ಕೈಗವಸು ಇರಲಿ. ಯಾರು ಪಾಠ ಹೇಳುತ್ತಾರೆ ಅಂತ ಮೊದಲೇ ಕೇಳಿ. ಉತ್ತರ ಸರಿಯಾಗಿ ಬರದಿದ್ದರೆ ಬೇಡ.

ಸೆಪ್ಟೆಂಬರ್‌ನಲ್ಲಿ ಸರ್ ಎಲ್ಲರಿಗೂ ಮೇಲ್ ಕಳಿಸಿದರು. ಬೇರೆ ಯಾರೋ ಹೋಗಿ ಅಳೆದು ಬಂದ ಅಂಕಿಗಳು. ಆರನೇ ಕಂಬ ಆ ಹುಡುಗಿಯದು. ಅವಳು ಬರೆದ ಉತ್ತರ ಒಂದೇ ಸಾಲು: "ಥ್ಯಾಂಕ್ಸ್ ಸರ್, ಯಾವ ಬದಿಯಿಂದ ಅಳೆದರಂತೆ?"