ಘಟ್ಟದ ಮೇಲೊಂದು ರೀಫ್ ಟ್ಯಾಂಕ್: ಯಾವ ನೀರು, ಯಾವ ತಂಪು, ಯಾವ ಬ್ಯಾಕಪ್?

ಚಿಕ್ಕಮಗಳೂರಿನಲ್ಲಿ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ, ಇಡುತ್ತೇನೆ ಎಂದರೆ ಮೊದಲು ಸಿಗುವ ಸಲಹೆ ನೀರು ತಂಪು ಮಾಡುವ ಚಿಲ್ಲರ್ ತಗೊಳ್ಳಿ, ದೊಡ್ಡ ಲೈಟ್ ತಗೊಳ್ಳಿ ಎಂಬುದು. ಅದು ಮಂಗಳೂರಿಗೋ ಚೆನ್ನೈಗೋ ಸರಿ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವ ನಮ್ಮೂರಿನಲ್ಲಿ ತಂಪು ಹೆಚ್ಚುಕಡಿಮೆ ಪುಕ್ಕಟೆ ಸಿಗುತ್ತದೆ. ಇಲ್ಲಿ ದುಡ್ಡು ಹೋಗಬೇಕಾದದ್ದು ನೀರಿಗೆ, ಆಮೇಲೆ ಕರೆಂಟ್ ಇಲ್ಲದ ಹೊತ್ತಿಗೆ. ಆಫೀಸಿನ ಮುಂದಿನ ಕೋಣೆಯಲ್ಲಿ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಹಳೆಯ ಟ್ಯಾಂಕೊಂದನ್ನು ರಿಪೇರಿ ಮಾಡಿ ನಿಲ್ಲಿಸುವಾಗ ಹೆಜ್ಜೆ ಹೆಜ್ಜೆಗೂ ಎರಡು ದಾರಿ ಎದುರಾದವು. ಹೆಚ್ಚಿನವನ್ನು ಎರಡೂ ಕಡೆಯಿಂದ ಮಾಡಿಯೇ ನೋಡಿದ್ದೇನೆ.

ಮೊದಲು ಸೋರಿಕೆ. ರೆಸಾರ್ಟೊಂದು ಕೈಬಿಟ್ಟಿದ್ದ ಟ್ಯಾಂಕ್ ಇದು. ಗಾಜು 12 ಮಿ.ಮೀ. ದಪ್ಪ, ಗೀರಿಲ್ಲ, ಆದರೆ ಒಳಮೂಲೆಗಳಲ್ಲಿ ಸಿಲಿಕೋನ್ ಅಂಚು ಎದ್ದಿತ್ತು. ಎದ್ದಲ್ಲಿ ಮಾತ್ರ ತೇಪೆ ಹಾಕಬಹುದು, ಇಲ್ಲವೇ ಒಳಸೀಲನ್ನು ಪೂರ್ತಿ ಕಿತ್ತು ಹೊಸದಾಗಿ ಎಳೆಯಬಹುದು. ಕೆಳಗೆ ನೀರು ಸೋಸಲು ಇಡುವ ಸಂಪ್ ಟ್ಯಾಂಕಿಗೆ ತೇಪೆ, ಮೇಲಿನದಕ್ಕೆ ಪೂರ್ತಿ ರೀಸೀಲ್ ಎಂದು ಹಂಚಿಕೊಂಡೆ. ತೇಪೆ ಸಿಹಿನೀರಿನ ಪರೀಕ್ಷೆಯಲ್ಲಿ ಗಟ್ಟಿಯಾಗಿಯೇ ನಿಂತಿತು. ಉಪ್ಪುನೀರು ತುಂಬಿದ ಮೇಲೆ ಹೊರಗಡೆ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ ಮೂಡಿತು. ಕಣ್ಣಿಗೆ ಕಾಣದಷ್ಟು ಜಿನುಗಿದ ನೀರು ಆರಿಹೋಗಿ ಉಪ್ಪು ಉಳಿದ ಗುರುತು ಅದು. ಹೊಸ ಸಿಲಿಕೋನ್ ಗಾಜನ್ನು ಹಿಡಿದಷ್ಟು ಭದ್ರವಾಗಿ ಹಳೆಯ ಸಿಲಿಕೋನನ್ನು ಹಿಡಿಯುವುದಿಲ್ಲ. ಸಂಪಿನಲ್ಲಿ ನೀರಿನ ಮಟ್ಟ ಕಡಿಮೆ, ಒತ್ತಡವೂ ಕಡಿಮೆ, ಅಲ್ಲಿ ಇದನ್ನು ಸಹಿಸಬಹುದು. ದೊಡ್ಡ ಟ್ಯಾಂಕಿಗೆ ಬೇಡವೇ ಬೇಡ.

ರೀಸೀಲ್ ತಾಳ್ಮೆಯ ಕೆಲಸ. ಬ್ಲೇಡನ್ನು ಗಾಜಿನ ಮೇಲೆ ಮಲಗಿಸಿ ತಳ್ಳಿದರೆ ಹಳೆಯದು ಸುರುಳಿ ಸುರುಳಿಯಾಗಿ ಏಳುತ್ತದೆ. ಗಾಜು ಸ್ವಚ್ಛವಾಯಿತು ಎಂದು ಕಣ್ಣು ಹೇಳುತ್ತದೆ, ಬೆರಳಾಡಿಸಿದರೆ ರಬ್ಬರಿನಂಥ ಪೊರೆ ಇನ್ನೂ ತಡೆಯುತ್ತಿರುತ್ತದೆ. ಆ ತಡೆ ಹೋಗುವವರೆಗೂ ಬ್ಲೇಡು, ಅಸಿಟೋನ್ ಬಟ್ಟೆ, ಮತ್ತೆ ಬ್ಲೇಡು. ಎರಡು ಗಾಜುಗಳ ನಡುವಿನ ಜೋಡಣೆಗೆ ಮಾತ್ರ ಬ್ಲೇಡು ತಾಗಬಾರದು, ಟ್ಯಾಂಕ್ ನಿಂತಿರುವುದೇ ಅದರ ಬಲದ ಮೇಲೆ. ವಿನೆಗರ್ ವಾಸನೆ ಬರುವ ಅಸಿಟಾಕ್ಸಿ ಸಿಲಿಕೋನ್ ತನ್ನಿ. ಬಚ್ಚಲುಮನೆಗೆಂದು ಬೂಷ್ಟು ತಡೆಯುವ ಔಷಧ ಬೆರೆಸಿ ಮಾರುವುದನ್ನು ಮುಟ್ಟಬೇಡಿ. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯಲ್ಲಿನ ತೇವದಿಂದ, ಹಾಗಾಗಿ ಗಾಜು ಒಣಗಿದ್ದರೆ ಮಲೆನಾಡಿನ ಮಳೆಗಾಲವೇನೂ ಅಡ್ಡಿಯಲ್ಲ. ಒಂದು ವಾರ ಬಿಟ್ಟು ನೀರು ತುಂಬಿ ನೋಡಿ. ಅಂಚಿನವರೆಗೆ ತುಂಬಿದರೆ ಸುಮಾರು 680 ಲೀಟರ್. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ ಟನ್ನಿನ ಹತ್ತಿರ ಹೋಗುತ್ತದೆ. ಮರದ ಅಟ್ಟವಿರುವ ಹಳೆ ಮನೆಗಳಲ್ಲಿ ನೆಲ ಅಂತಸ್ತಿನ ಗಟ್ಟಿ ನೆಲವೇ ಇದರ ಜಾಗ.

ಇನ್ನು ನೀರು. ಕಡಲಿಂದ ತರುವುದೋ, ಸಿಹಿನೀರಿಗೆ ಕಡಲಿನ ಲವಣಗಳ ಪುಡಿ, ಅಂದರೆ ಸಾಲ್ಟ್ ಮಿಕ್ಸ್, ಕಲಸುವುದೋ? ಮಂಗಳೂರು ಚಾರ್ಮಾಡಿ ಇಳಿದರೆ ಸಿಗುವ ದೂರ, ಹಾಸನದವರಿಗೆ ಶಿರಾಡಿ ಇದೆ. ಬೇಸಿಗೆಯಲ್ಲಿ, ಬೋಟಿನವರು ದಡದಿಂದ ದೂರ ಹೋಗಿ ಕ್ಯಾನಿನಲ್ಲಿ ತುಂಬಿ ತಂದ ನೀರು ನಿಜಕ್ಕೂ ಚೆನ್ನ. ಅದನ್ನು ಹಾಕಿದ ಕೆಲವು ವಾರಕ್ಕೆ ರಾತ್ರಿ ಲೈಟ್ ಆರಿಸಿ ಟಾರ್ಚ್ ಹಿಡಿದರೆ ಗಾಜಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಕುಪ್ಪಳಿಸಿ ಓಡುತ್ತಿದ್ದವು. ಅವು ಕೋಪೆಪಾಡ್‌ಗಳು. ಪ್ಯಾಕೆಟ್ಟಿನ ಉಪ್ಪಿನಿಂದ ಹುಟ್ಟುವ ಜೀವವಲ್ಲ ಅದು, ಆ ಒಂದು ನೋಟಕ್ಕೇ ನಾನು ಕಡಲನೀರಿನ ಕಡೆ ವಾಲಿದ್ದೆ.

ಆದರೆ ಮಳೆಗಾಲ ಲೆಕ್ಕವನ್ನೇ ಬದಲಿಸುತ್ತದೆ. ನೇತ್ರಾವತಿಯೂ ಗುರುಪುರ ನದಿಯೂ ಮಂಗಳೂರಿನಲ್ಲೇ ಕಡಲು ಸೇರುತ್ತವೆ. ಸಸಿಹಿತ್ಲು ಕಡೆ ಹೋದರೆ ಅಲ್ಲಿ ನಂದಿನಿ-ಶಾಂಭವಿಯ ಅಳಿವೆ. ಕೆಂಪು ಹೊಳೆನೀರು ನುಗ್ಗುವ ತಿಂಗಳುಗಳಲ್ಲಿ ದಡದ ನೀರಿನ ಉಪ್ಪಿನಂಶ ಕುಸಿಯುತ್ತದೆ, ಜೊತೆಗೆ ಮಣ್ಣು, ಗೊಬ್ಬರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆಳದ ನೀರು ತರುವವರೇ ಇಲ್ಲ. ಘಟ್ಟದ ದಾರಿಯನ್ನೂ ನಂಬುವಂತಿಲ್ಲ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಗುಡ್ಡ ಕುಸಿದು ಮುಚ್ಚಿದ್ದು ಇಲ್ಲಿ ಯಾರಿಗೂ ಮರೆತಿಲ್ಲ. ತಂದ ನೀರನ್ನು ಹಾಗೆಯೇ ಮುಚ್ಚಿಟ್ಟರೆ ಅದರಲ್ಲಿನ ಜೀವಿಗಳು ಸತ್ತು ಅಮೋನಿಯಾ ಏರುತ್ತದೆ. ಬಂದ ದಿನವೇ ಸೋಸಿ, ಗಾಳಿ ಕೊಟ್ಟು, ಬೇಗ ಬಳಸಬೇಕು.

ಸಾಲ್ಟ್ ಮಿಕ್ಸ್ ಗೆಲ್ಲುವುದು ಇಲ್ಲೇ: ಆಗಸ್ಟಿನಲ್ಲೂ ಫೆಬ್ರವರಿಯಲ್ಲೂ ಒಂದೇ ನೀರು. ಲೀಟರಿಗೆ ಸುಮಾರು 36 ಗ್ರಾಂ, ಅಂದರೆ 65 ಲೀಟರ್ ಬದಲಿಸಲು ಎರಡೂಕಾಲು ಕಿಲೋ ಚಿಲ್ಲರೆ. ನೀರಿಗೆ ಉಪ್ಪು ಸುರಿಯಬೇಕು, ಉಪ್ಪಿಗೆ ನೀರಲ್ಲ. ಹಿಂದುಮುಂದಾದರೆ ಕ್ಯಾಲ್ಸಿಯಂ ಸುಣ್ಣವಾಗಿ ಕೆಳಗೆ ಕೂರುತ್ತದೆ. ಅಡುಗೆ ಉಪ್ಪು ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಕಡಲಿನ ಲವಣದಲ್ಲಿ ಸೋಡಿಯಂ, ಕ್ಲೋರೈಡ್ ಸೇರಿ ನೂರಕ್ಕೆ ಸುಮಾರು 86 ಪಾಲು, ಹವಳಕ್ಕೆ ಜೀವ ಕೊಡುವುದು ಉಳಿದ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂಗಳು. ಮಲೆನಾಡಿನಲ್ಲಿ ಒಂದು ತೊಂದರೆ ಉಂಟು. ಚೀಲ ಬಿಚ್ಚಿದ ಉಪ್ಪು ಜುಲೈಯಲ್ಲಿ ತೇವ ಹೀರಿ ಕಲ್ಲಾಗುತ್ತದೆ, ಹೀರಿದ ನೀರೂ ತೂಕದಲ್ಲಿ ಸೇರುವುದರಿಂದ ತಕ್ಕಡಿ ಸುಳ್ಳು ಹೇಳುತ್ತದೆ. ಬಿಗಿ ಮುಚ್ಚಳದ ಡ್ರಮ್ಮಿನಲ್ಲಿಡಿ, ಅಳತೆಗೆ ಉಪ್ಪಿನಂಶ ತೋರಿಸುವ ರಿಫ್ರಾಕ್ಟೋಮೀಟರನ್ನೇ ನಂಬಿ, 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು) ದ್ರಾವಣದಲ್ಲಿ ಅದನ್ನು ಸರಿಹೊಂದಿಸಿಕೊಂಡು. ಈಗ ನನ್ನ ಟ್ಯಾಂಕಿನಲ್ಲಿ ಪೂರ್ತಿ ಮಿಕ್ಸ್ ನೀರು, ಬೇಸಿಗೆಯಲ್ಲಿ ಮಾತ್ರ ಒಂದೆರಡು ಕ್ಯಾನ್ ಕಡಲನೀರು, ಆ ಜೀವಿಗಳಿಗಾಗಿ.

ಮಿಕ್ಸ್ ಕಲಸಲು ಯಾವ ಸಿಹಿನೀರು ಎಂಬುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಬೋರ್‌ವೆಲ್ ನೀರನ್ನು ಪಟ್ಟಿಯಿಂದಲೇ ತೆಗೆದೆ. ಅಡುಗೆಮನೆಯ ಆರ್‌ಓ ಸುಲಭ ಅನಿಸುತ್ತದೆ, ಆದರೆ ರುಚಿಗೆಂದು ಕಚ್ಚಾ ನೀರು ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಒಟ್ಟು ಪ್ರಮಾಣ) ಕಂಟ್ರೋಲರ್ ಅದರಲ್ಲಿರುತ್ತದೆ. ಈಚಿನ ಕೆಲವು ಮಾದರಿಗಳಲ್ಲಿ ತಾಮ್ರದ ಕಾರ್ಟ್ರಿಜ್ ಕೂಡ. ಮನುಷ್ಯರಿಗೆ ಒಳ್ಳೆಯದೆಂದು ಸೇರಿಸುವ ಆ ತಾಮ್ರ ಸೀಗಡಿ, ಶಂಖದ ಹುಳು, ಹವಳಗಳಿಗೆ ವಿಷ.

ಉಳಿದದ್ದು ಮಳೆನೀರು ಮತ್ತು, ಕರಗಿದ ಲವಣವನ್ನು ರಾಳದಿಂದ ಹೀರಿಸುವ ಡಿಐ ಹಂತವಿರುವ ಆರ್‌ಓ. ಜಡಿಮಳೆ ಹಿಡಿದು ಹೆಂಚು ಚೆನ್ನಾಗಿ ತೊಳೆದುಹೋದ ಮೇಲೆ ಹಿಡಿದ ನೀರಿಗೆ ಟಿಡಿಎಸ್ ಮೀಟರ್ ಅದ್ದಿದರೆ ಒಂದಂಕಿ ತೋರಿಸುತ್ತದೆ. ಇಷ್ಟು ಶುದ್ಧ ನೀರು ಆಕಾಶದಿಂದ ಬೀಳುವಾಗ ಆರ್‌ಓ ಹಾಕಿ ಮೂರು ಪಾಲು ಚರಂಡಿಗೆ ಬಿಡುವುದು ಮನಸ್ಸಿಗೆ ಒಗ್ಗುವುದಿಲ್ಲ. ಆದರೂ ತೋಟದ ನಡುವಿನ ಮನೆಯವರಿಗೆ ನಾನು ಮಳೆನೀರು ಹೇಳುವುದಿಲ್ಲ. ಕೊಳೆರೋಗಕ್ಕೆ, ಮೆಣಸಿನ ಸೊರಗಿಗೆ ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಇರುತ್ತದೆ. ಮೈಲುತುತ್ತ ಎಂದರೆ ತಾಮ್ರವೇ. ಸಿಂಪರಣೆಯ ಹನಿ ಗಾಳಿಗೆ ಬಂದು ಸೂರಿನ ಮೇಲೆ ಕೂರುತ್ತದೆ, ಮಳೆ ಅದನ್ನು ಸೂರಂಚಿನ ನೀರುದೋಣಿಗೆ ಇಳಿಸುತ್ತದೆ. ದ್ರಾವಣ ಕಲಸಿದ ನೀಲಿ ಡ್ರಮ್ಮನ್ನು ತೊಳೆದು ನೀರು ಹಿಡಿಯುವ ಅಭ್ಯಾಸವೂ ನಮ್ಮಲ್ಲಿದೆ. ಟಿಡಿಎಸ್ ಮೀಟರ್ ಇದನ್ನು ಹಿಡಿಯುವುದಿಲ್ಲ. ಶಂಖದ ಹುಳು ಸಾಯಲು ಬೇಕಾದಷ್ಟು ತಾಮ್ರ ಅದರ ಅಂಕಿಯಲ್ಲಿ ಕಾಣುವುದೇ ಇಲ್ಲ. ಪೇಟೆಯೊಳಗಿನ ಸೂರಿನ ಮಳೆನೀರನ್ನು ಹೊಸ ಡ್ರಮ್ಮಿನಲ್ಲಿ ಹಿಡಿದು, ಡಿಐ ರಾಳದ ಮೂಲಕ ಹಾಯಿಸಿ ಬಳಸಿದೆ, ಫಲಿತಾಂಶ ಚೆನ್ನಾಗಿತ್ತು, ರಾಳವೂ ಬಹಳ ಕಾಲ ಬಾಳಿತು. ಮಳೆಗಾಲದಲ್ಲಿ ಇದು, ಬೇಸಿಗೆಯಲ್ಲಿ ಆರ್‌ಓ-ಡಿಐ. ತೋಟದ ಮನೆಗೆ ವರ್ಷಪೂರ್ತಿ ಆರ್‌ಓ-ಡಿಐ, ಅದರಲ್ಲಿ ರಾಜಿ ಬೇಡ.

ಚಿಲ್ಲರ್‌ಗೂ ಫ್ಯಾನಿಗೂ ಹೋಲಿಕೆ ಬೇಗ ಮುಗಿಯುತ್ತದೆ. ಟ್ಯಾಂಕಿಗೆ ಬೇಕಾದದ್ದು 25-26 ಡಿಗ್ರಿ. ಒಂದು ಲೀಟರ್ ನೀರು ಆವಿಯಾಗುವಾಗ ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಕಡಿಮೆ ಶಾಖವನ್ನು ಹೊತ್ತೊಯ್ಯುತ್ತದೆ. ಮಾರ್ಚ್-ಏಪ್ರಿಲಿನ ಒಣಗಾಳಿಯಲ್ಲಿ ನೀರಿನ ಮೇಲೆ ಬೀಸುವ ಎರಡು ಪುಟ್ಟ ಫ್ಯಾನು ಎರಡು ಮೂರು ಡಿಗ್ರಿ ಇಳಿಸಿದವು. ಹೂಮಳೆ ಬಿದ್ದ ಮೇಲೆ ಗಾಳಿಯಲ್ಲಿ ತೇವ ಹೆಚ್ಚಿ ಅವುಗಳ ಬಲ ಕುಗ್ಗುತ್ತದೆ, ಆದರೆ ರಾತ್ರಿ ತಾನೇ ತಣ್ಣಗಾಗುತ್ತದೆ. ಎರವಲು ತಂದು ಕೂರಿಸಿದ ಚಿಲ್ಲರ್ ಅಂಕಿಯನ್ನು ಕದಲಿಸದೆ ಹಿಡಿಯಿತು ನಿಜ, ಆದರೆ ಅದು ಉಗುಳುವ ಬಿಸಿ ಕೋಣೆಗೇ ಬಂತು, ಬಿಲ್ಲೂ ಏರಿತು. ಕಡೂರು, ಅರಸೀಕೆರೆಯ ಬಯಲುಸೀಮೆ ಕಡೆಯಾದರೆ ಚಿಲ್ಲರ್ ಯೋಚಿಸಿ, ಚಿಕ್ಕಮಗಳೂರು ಪೇಟೆಗೆ ಫ್ಯಾನು ಸಾಕು. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ, ಆದ್ದರಿಂದ ಟಾಪ್-ಅಪ್ ಯಾವಾಗಲೂ ಸಿಹಿನೀರೇ. ಇಲ್ಲಿ ನಿಜಕ್ಕೂ ಬೇಕಾದದ್ದು ಹೀಟರ್, ಡಿಸೆಂಬರ್-ಜನವರಿಯ ರಾತ್ರಿಗೆ. ದೊಡ್ಡದೊಂದರ ಬದಲು ಸಣ್ಣವೆರಡು ಹಾಕಿ. ಥರ್ಮೋಸ್ಟಾಟ್ ಸಿಕ್ಕಿಕೊಂಡರೂ ಒಂದೇ ಹೀಟರ್ ಅಷ್ಟೂ ನೀರನ್ನು ಕುದಿಸಲಾರದು.

ಕರೆಂಟಿನ ಮಾತು. ಮಳೆಗಾಳಿಗೆ ಲೈನಿನ ಮೇಲೆ ಮರ ಬಿದ್ದರೆ ಇಡೀ ರಾತ್ರಿ ಕತ್ತಲೆ. ಮೀನು ಮೊದಲು ಸೋಲುವುದು ಆಮ್ಲಜನಕಕ್ಕೆ, ಬೆಳಕಿಗಲ್ಲ. ಮನೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಎಸಿ ಪಂಪು ಹಾಕಿದಾಗ ಗುಂಯ್‌ಗುಟ್ಟಿ ಬಿಸಿಯಾಯಿತು. ಸೈನ್ ವೇವಿನಲ್ಲಿ ಆ ಸದ್ದಿಲ್ಲ. ಡಿಸಿ ಪಂಪಿಗೆ ನೇರವಾಗಿ ಬ್ಯಾಟರಿ ಕೊಡುವುದು ಇನ್ನೂ ಮೇಲು, ಇನ್ವರ್ಟರಿನಲ್ಲಿ ಆಗುವ ನಷ್ಟವೇ ತಪ್ಪುತ್ತದೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯನ್ನು ಅರ್ಧ ಮಾತ್ರ ಖಾಲಿ ಮಾಡಿದರೂ ನೀರನ್ನು ಕಲಕುವ 30 ವ್ಯಾಟಿನ ವೇವ್ ಪಂಪು ಒಂದು ಹಗಲು ಒಂದು ರಾತ್ರಿ ತಿರುಗುತ್ತದೆ. ಹೀಟರನ್ನೂ ಲೈಟನ್ನೂ ಈ ಬ್ಯಾಟರಿಗೆ ಸೇರಿಸಬೇಡಿ.

ಟ್ಯಾಂಕಿನೊಳಗಿಡುವ ಕಲ್ಲಿನಲ್ಲಿ ಕಡಲಿನದನ್ನು ಆರಿಸುವ ಮಾತೇ ಇಲ್ಲ. ಕಡಲಿಂದ ಜೀವಿಗಳ ಸಮೇತ ಕಿತ್ತ ಲೈವ್ ರಾಕ್ ಎಂದರೆ ಬಹುಪಾಲು ಹವಳದ ಅಸ್ಥಿಯೇ. ದಿಬ್ಬ ಕಟ್ಟುವ ನಮ್ಮ ಕಡಲಿನ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ, ಕಡಲ್ಗುದುರೆಗೂ ಇದೆ. ಯಾರು ಮಾರಲು ಬಂದರೂ ಕೊಳ್ಳಬಾರದು. ಸೆರಾಮಿಕ್ ಕಲ್ಲು, ಸಿಮೆಂಟಿನ ಕಲ್ಲು ಎರಡನ್ನೂ ಇಟ್ಟಿದ್ದೇನೆ. ಸಿಮೆಂಟಿನದು ಅಗ್ಗ, ಬೇಕಾದ ಆಕಾರ ಬರುತ್ತದೆ, ಆದರೆ ಪಿಎಚ್ ಇಳಿಯುವವರೆಗೆ ವಾರಗಟ್ಟಲೆ ನೀರು ಬದಲಿಸುತ್ತ ನೆನೆಸಬೇಕು. ಸೆರಾಮಿಕ್ ತೊಳೆದು ಇಟ್ಟರಾಯಿತು, ಅದರ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ಬೇಗ ನೆಲೆಸಿತು. ಯಾವುದಾದರೂ ಸರಿ, ಆ ಬ್ಯಾಕ್ಟೀರಿಯಾದಿಂದ ವಿಷಕಾರಿ ಅಮೋನಿಯಾ ನೈಟ್ರೈಟ್ ಆಗಿ, ಅದು ನೈಟ್ರೇಟ್ ಆಗುವ ನಾಲ್ಕರಿಂದ ಆರು ವಾರ ಕಾಯಲೇಬೇಕು. ನಾನು ಜೋಆಂಥಿಡ್, ಮಶ್ರೂಮ್, ಲೆದರ್‌ನಂಥ ಮೆದು ಹವಳಗಳಿಗೇ ನಿಂತಿದ್ದೇನೆ. ಇವಕ್ಕೆ ಮಧ್ಯಮ ಎಲ್‌ಇಡಿ ಸಾಕು, ದುಬಾರಿ ಲೈಟಿನ ಅಗತ್ಯ ಬೀಳಲಿಲ್ಲ.

ಕ್ಲೌನ್ ಮೀನು ಮಾತ್ರ ಹ್ಯಾಚರಿಯಲ್ಲಿ ಮರಿ ಮಾಡಿದ್ದನ್ನೇ ಕೇಳಿ ತನ್ನಿ. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಕಡಲ ಮೀನುಗಾರಿಕೆಯ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ಅದರ ಮರಿ ಮಾಡುವ ವಿಧಾನವನ್ನು ರೂಪಿಸಿ ಎಷ್ಟೋ ಜನರಿಗೆ ಕಲಿಸಿದೆ. ಕಡಲಲ್ಲಿ ಹಿಡಿದ ಜೋಡಿಯನ್ನೂ ಹ್ಯಾಚರಿಯ ಜೋಡಿಯನ್ನೂ ಬೇರೆ ಬೇರೆ ಕ್ವಾರಂಟೈನ್ ಟ್ಯಾಂಕಿನಲ್ಲಿ ಇಟ್ಟು ನೋಡಿದಾಗ ಹ್ಯಾಚರಿಯವು ಬಂದ ಸಂಜೆಯೇ ಪೆಲೆಟ್ ತಿಂದವು. ಕಡಲಿನವು ಪುಟ್ಟ ಸೀಗಡಿಯಂಥ ಜೀವಂತ ಆರ್ಟೀಮಿಯಾ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ, ಪೆಲೆಟ್ಟಿಗೆ ಒಗ್ಗಿಸಲು ಬಹಳ ಹೆಣಗಬೇಕಾಯಿತು.