ಸೋರುವ ಪವರ್ ಸ್ಟೀರಿಂಗಿಗೆ ನಾನು ಮಾಡಿದ ನಾಲ್ಕು ಉಪಾಯ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಒಳಗೆ. ಮಳೆಗಾಲ ಹಿಡಿಯಿತು ಅಂದರೆ ಆ ಒಂದೂವರೆ ಕಿಲೋಮೀಟರ್ ಪೂರ್ತಿ ಕೆಂಪು ಕೆಸರು. ಗಾಡಿ 2011ರ ಡೀಸೆಲ್, ಹೈಡ್ರಾಲಿಕ್ ಪವರ್ ಸ್ಟೀರಿಂಗ್. ಬೆಲ್ಟಿನಿಂದ ತಿರುಗುವ ಪಂಪು, ಆಯಿಲ್ ಡಬ್ಬಿ, ಪೈಪು, ಕೆಳಗೆ ಚಕ್ರಗಳನ್ನು ಎಡಬಲ ತಿರುಗಿಸುವ ರ‍್ಯಾಕ್, ಇಷ್ಟೇ ಅದರ ಸಂಸಾರ. ಅದು ಸೋರಲು ಶುರುವಾದ ಮೇಲೆ ಒಂದೊಂದು ಮಳೆಗಾಲಕ್ಕೆ ಒಂದೊಂದು ಉಪಾಯ ಮಾಡಿದೆ. ಯಾವುದು ಎಷ್ಟು ದಿನ ಬಂತು ಅಂತ ಹೇಳುತ್ತೇನೆ.

ಮೊದಲು ಗೊತ್ತಾದದ್ದು ಸದ್ದಿನಿಂದ. ಬೆಳಿಗ್ಗೆ ಅಂಗಳದಲ್ಲಿ ಗಾಡಿ ತಿರುಗಿಸುವಾಗ ನರಳಿದ ಹಾಗೆ 'ಗುಂಯ್' ಅನ್ನುತ್ತಿತ್ತು. ಬೆಲ್ಟ್ ಜಾರಿದರೆ ಬರುವ ಸದ್ದು ಬೇರೆ. ಅದು 'ಕೀಂಯ್' ಅಂತ ಕೂಗುತ್ತದೆ, ಒದ್ದೆ ಬೆಳಿಗ್ಗೆಗಳಲ್ಲಿ ಜಾಸ್ತಿ. ನರಳಿದರೆ ಆಯಿಲ್ ಕಡಿಮೆಯಾಗಿ ಪಂಪು ಗಾಳಿ ಎಳೆಯುತ್ತಿದೆ ಅಂತಲೇ ಮೊದಲು ನೋಡಬೇಕು. ಡಬ್ಬಿಯ ಮುಚ್ಚಳ ತೆಗೆದೆ. ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗಿತ್ತು, ಮೇಲೆ ನೊರೆ.

ಎಲ್ಲಿ ಸೋರುತ್ತಿದೆ ಅಂತ ಹುಡುಕುವುದು ನಮ್ಮ ಕಡೆ ಸ್ವಲ್ಪ ಕಷ್ಟ. ಆಯಿಲೂ ಕೆಂಪು, ಮಣ್ಣೂ ಕೆಂಪು. ರಾತ್ರಿ ಗಾಡಿಯ ಕೆಳಗೆ ನಾಲ್ಕು ಅಡಿಕೆ ಹಾಳೆ ಹಾಸಿದೆ, ಬಿಳಿಯ ಒಳಮೈ ಮೇಲೆ ಬರುವ ಹಾಗೆ. ಬೆಳಿಗ್ಗೆ ಎಡಗಡೆ ಚಕ್ರದ ಹತ್ತಿರದ ಹಾಳೆಯಲ್ಲಿ ಮಾತ್ರ ಐದಾರು ಹನಿ. ಬೆರಳಲ್ಲಿ ಉಜ್ಜಿದೆ. ಕೆಸರು ನೀರಾದರೆ ತರಿ ತರಿ ಅನ್ನುತ್ತದೆ, ಇದು ಜಾರುತ್ತಿತ್ತು. ಪಂಪು ಇರುವುದು ಬಲಗಡೆ. ಅಲ್ಲಿನ ಹಾಳೆ ಒಣಗೇ ಇತ್ತು. ಅಂದರೆ ಸೋರುತ್ತಿದ್ದದ್ದು ರ‍್ಯಾಕಿನ ಎಡತುದಿ.

ಮೊದಲ ವರ್ಷ ಬರೀ ಟಾಪ್‌ಅಪ್. ನಮ್ಮ ಗಾಡಿಯ ಮುಚ್ಚಳದ ಮೇಲೆ ಎಟಿಎಫ್ ಡೆಕ್ಸ್‌ರಾನ್ ಅಂತ ಆಯಿಲಿನ ಹೆಸರು ಬರೆದಿದೆ, ಅದನ್ನೇ ಹಾಕಿದೆ. ನಿಮ್ಮದರಲ್ಲಿ ಬೇರೆ ಇರಬಹುದು, ಓದಿಕೊಂಡೇ ಹಾಕಿ. ಅರ್ಜೆಂಟಿಗೆ ಸಿಕ್ಕಿತು ಅಂತ ಬ್ರೇಕ್ ಆಯಿಲ್ ಮಾತ್ರ ಹಾಕಬೇಡಿ, ಆಯಿಲ್ ತಡೆಯುವ ರಬ್ಬರ್ ಸೀಲುಗಳೆಲ್ಲ ಹಾಳಾಗುತ್ತವೆ. ಹಳೆಯ ಆಯಿಲ್ ಕಪ್ಪಾಗಿತ್ತು. ದೊಡ್ಡ ಸಿರಿಂಜಿನಲ್ಲಿ ಡಬ್ಬಿಯಿಂದ ಎಳೆದು ಹೊಸದು ತುಂಬಿ, ನಾಲ್ಕು ದಿನ ಓಡಿಸಿ, ಮತ್ತೆ ಎಳೆದೆ. ನಾಲ್ಕನೇ ಸಲಕ್ಕೆ ಕೆಂಪು ಬಣ್ಣ ಬಂತು. ಸ್ಟೀರಿಂಗ್ ಹಗುರವಾಯಿತು, ಸೋರುವುದು ನಿಲ್ಲಲಿಲ್ಲ. ಜೂನ್‌ನಲ್ಲಿ ತಿಂಗಳಿಗೊಮ್ಮೆ ಹಾಕುತ್ತಿದ್ದದ್ದು ಸೆಪ್ಟೆಂಬರ್‌ಗೆ ವಾರಕ್ಕೊಮ್ಮೆ ಆಯಿತು.

ಎರಡನೇ ವರ್ಷ ಸೋರಿಕೆ ನಿಲ್ಲಿಸುವ ಡಬ್ಬಿ ಔಷಧಿ. ಆಯಿಲ್ ಜೊತೆ ಹುಯ್ಯುವುದು. ಗಟ್ಟಿಯಾದ ರಬ್ಬರ್ ಸೀಲನ್ನು ಮೆತ್ತಗೆ ಮಾಡಿ ಸ್ವಲ್ಪ ಉಬ್ಬಿಸುತ್ತದೆ, ಅಷ್ಟೇ ಅದರ ಕೆಲಸ. ಎರಡು ತಿಂಗಳು ಹಾಳೆ ಒಣಗೇ ಇತ್ತು. ಮೂರನೇ ತಿಂಗಳು ಮೊದಲಿಗಿಂತ ಜಾಸ್ತಿ ಸೋರಿತು. ದೂರದಲ್ಲಿ ಸಿಕ್ಕಿಹಾಕಿಕೊಂಡಾಗ ಮನೆ ಮುಟ್ಟಲಿಕ್ಕೆ ಸಾಕು. ರಿಪೇರಿ ಅಂತ ಅದನ್ನು ನಂಬಬಾರದು.

ಮೂರನೆಯದು ಸೀಲ್ ಕಿಟ್. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ಗೆ ಒಯ್ದೆ. ರ‍್ಯಾಕ್ ಕೆಳಗಿಳಿಸಿ, ಬಿಚ್ಚಿ, ಎಲ್ಲ ಸೀಲು ಬದಲಾಯಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ ವಾಪಸ್ ಬರುವಾಗ ಎರಡು ದಿನ ಆಗಿತ್ತು. ಸ್ಟೀರಿಂಗ್ ಬೆಣ್ಣೆ ಹಾಗೆ ತಿರುಗುತ್ತಿತ್ತು. ಇನ್ನು ಐದು ವರ್ಷ ಚಿಂತೆ ಇಲ್ಲ ಅಂದುಕೊಂಡೆ. ರಿಪೇರಿಯಾದ ಎಂಟನೇ ತಿಂಗಳಿಗೆ, ಜುಲೈನಲ್ಲಿ, ಅದೇ ಎಡಗಡೆ ಹಾಳೆಯ ಮೇಲೆ ಹನಿ.

ಈ ಸಲ ಬೇರೆ ಮೇಸ್ತ್ರಿ ಹತ್ತಿರ ಹೋದೆ. ಅವರು ಡಬ್ಬಿ ಕಡೆ ನೋಡಲೇ ಇಲ್ಲ. ಸೀದಾ ಗಾಡಿಯ ಅಡಿ ಹೋಗಿ ರ‍್ಯಾಕಿನ ತುದಿಗೆ ಇರುವ ಮಡಿಕೆ ಮಡಿಕೆಯ ರಬ್ಬರ್ ಬೂಟಿನ ಕ್ಲಿಪ್ ಬಿಚ್ಚಿದರು. ಬೂಟು ಹಿಂದಕ್ಕೆ ಸರಿಸಿದಾಗ ಒಳಗಿಂದ ಆಯಿಲ್‌ನಲ್ಲಿ ಕಲಸಿದ ಕೆಂಪು ಮಣ್ಣು ಬಂತು, ಗೋಪಿಚಂದನ ಕಲಸಿದ ಹಾಗೆ. ಬಟ್ಟೆಯಲ್ಲಿ ಒರೆಸಿ ನನ್ನನ್ನು ಕರೆದರು. "ಗೌಡ್ರೇ, ಉಗುರಲ್ಲಿ ಸವರಿ ನೋಡಿ." ಕನ್ನಡಿ ಹಾಗೆ ಇರಬೇಕಾದ ಶಾಫ್ಟಿನ, ಅಂದರೆ ಸೀಲಿನೊಳಗೆ ಆ ಕಡೆ ಈ ಕಡೆ ಜಾರುವ ಸರಳಿನ ಮೇಲೆ ತುಕ್ಕಿನ ಸಣ್ಣ ಸಣ್ಣ ಗುಳಿಗಳು. ಉಗುರು ಪ್ರತಿಯೊಂದಕ್ಕೂ ಸಿಕ್ಕಿಕೊಳ್ಳುತ್ತಿತ್ತು. ಬೂಟು ಕೆಳಭಾಗದಲ್ಲಿ ಹರಿದಿತ್ತು, ಮೇಲಿಂದ ನೋಡಿದರೆ ಕಾಣುವುದಿಲ್ಲ. ಅಲ್ಲಿಂದ ನೀರು, ಮಣ್ಣು ಹೋಗಿ ಶಾಫ್ಟ್ ತುಕ್ಕು ಹಿಡಿದಿದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ಗುಳಿಗಳು ಸೀಲನ್ನು ಉಜ್ಜಿ ಕತ್ತರಿಸಿವೆ. ಹೊಸ ಸೀಲು ಹಾಕಿದರೂ ಅದೇ ಗತಿ. ಇನ್ನೂರು ಮುನ್ನೂರು ರೂಪಾಯಿಯ ಬೂಟನ್ನು ಸಮಯಕ್ಕೆ ನೋಡಿದ್ದರೆ ಮೂರು ವರ್ಷದ ಖರ್ಚು ಉಳಿಯುತ್ತಿತ್ತು ಅನ್ನುವುದು ನನಗೆ ಇವತ್ತಿಗೂ ಬೇಸರ.

ನಾಲ್ಕನೆಯದಾಗಿ ಹೊಸ ರ‍್ಯಾಕೇ ಹಾಕಿಸಿದೆ. ಸೀಲ್ ಕಿಟ್‌ಗೆ ಕೊಟ್ಟದ್ದರ ಎರಡೂವರೆ ಪಟ್ಟು ಬಿತ್ತು. ಎರಡೂ ಕಡೆ ಹೊಸ ಬೂಟು. ಹಳೆಯ ಆಯಿಲ್ ಪೂರ್ತಿ ತೆಗೆಸಿದೆ: ಮುಂದಿನ ಚಕ್ರ ಎರಡನ್ನೂ ಸ್ಟ್ಯಾಂಡ್ ಮೇಲೆ ಎತ್ತಿ, ವಾಪಸ್ ಬರುವ ಪೈಪನ್ನು ಬಾಟಲಿಗೆ ಬಿಟ್ಟು, ಸ್ಟೀರಿಂಗನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಹೊಸದು ಹುಯ್ಯುವುದು. ಸಿರಿಂಜಿಗಿಂತ ಇದು ಎಷ್ಟೋ ಮೇಲು. ಸಿರಿಂಜಿನಲ್ಲಿ ಪೈಪು, ರ‍್ಯಾಕಿನೊಳಗಿನ ಗಲೀಜು ಅಲ್ಲೇ ಉಳಿದು ಹೊಸದರ ಜೊತೆ ಬೆರೆಯುತ್ತದೆ. ಇದು ಎರಡನೇ ಮಳೆಗಾಲ, ಹಾಳೆ ಒಣಗಿದೆ.

ತಮ್ಮನದು 2018ರ ಚಿಕ್ಕ ಕಾರು, ಎಲೆಕ್ಟ್ರಿಕ್ ಸ್ಟೀರಿಂಗ್. ಆಯಿಲೂ ಇಲ್ಲ, ಪಂಪೂ ಇಲ್ಲ. ಒಳ್ಳೆಯದೇ ಅಲ್ವಾ? ಆದರೆ ಕಳೆದ ವರ್ಷ ಹತ್ತು ದಿನ ಮಳೆಯಲ್ಲಿ ಸುಮ್ನೆ ನಿಂತ ಕಾರನ್ನು ಶುರು ಮಾಡಿದಾಗ ಸ್ಟೀರಿಂಗ್ ದೀಪ ಹತ್ತಿತು, ಸ್ಟೀರಿಂಗ್ ಕಲ್ಲಾಯಿತು. ಕಾರಣ ಬ್ಯಾಟರಿ. ಪೂರ್ತಿ ಚಾರ್ಜ್ ಇದ್ದರೆ 12.6 ವೋಲ್ಟ್ ತೋರಿಸಬೇಕು, ಅದು 11ರ ಹತ್ತಿರ ಇತ್ತು. ಬ್ಯಾಟರಿ ಬದಲಾಯಿಸಿದ ಮೇಲೆ ಸರಿಹೋಯಿತು. ನನ್ನ ಗಾಡಿ ವಾರಗಟ್ಟಲೆ ನರಳಿ ಹೇಳುತ್ತದೆ, ಅವನದು ಒಂದೇ ಕ್ಷಣದಲ್ಲಿ ಕೈಬಿಡುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ನನಗೆ ಹೇಳಿ ಕೆಡುವುದೇ ಇಷ್ಟ. ಎರಡರಲ್ಲೂ ಪವರ್ ಹೋದರೆ ಚಕ್ರ ಲಾಕ್ ಆಗುವುದಿಲ್ಲ, ತುಂಬಾ ಭಾರವಾಗುತ್ತದೆ ಅಷ್ಟೇ. ಗಾಬರಿಯಾಗದೆ ಎರಡೂ ಕೈಯಲ್ಲಿ ಬಲವಾಗಿ ಎಳೆದರೆ ತಿರುಗುತ್ತದೆ. ಹೈಡ್ರಾಲಿಕ್ ಇದ್ದವರು ತಿರುವಿನಲ್ಲಿ ಸ್ಟೀರಿಂಗನ್ನು ತುದಿವರೆಗೆ ತಿರುಗಿಸಿ ಒತ್ತಿ ಹಿಡಿಯಬೇಡಿ, ಪಂಪು ಬಿಸಿಯಾಗುತ್ತದೆ.

ನಿಮ್ಮದು ಸೋರುತ್ತಿದ್ದರೆ ಸೀಲ್ ಕಿಟ್‌ಗೆ ಒಪ್ಪುವ ಮೊದಲು ಬೂಟು ಸರಿಸಿ ಶಾಫ್ಟ್ ತೋರಿಸಿ ಅಂತ ಕೇಳಿ. ನುಣ್ಣಗಿದ್ದರೆ ಕಿಟ್ ಸಾಕು. ಗುಳಿ ಬಿದ್ದಿದ್ದರೆ ಕಿಟ್‌ನ ದುಡ್ಡು ಹೊಳೆಗೆ ಹಾಕಿದ ಹಾಗೆ, ಹೊಸ ರ‍್ಯಾಕ್ ಹಾಕಿಸಿ.

ಈಗ ಪ್ರತಿ ಮೇ ಕೊನೆಗೆ ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿ ಮಲಗುತ್ತೇನೆ. ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದರೆ ಒಂದು ಬೂಟು ಹಿಗ್ಗುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಮತ್ತೊಂದು. ಮಡಿಕೆಗಳ ಸಂದು ಆಗ ಚೆನ್ನಾಗಿ ಕಾಣುತ್ತದೆ. ಈ ವರ್ಷ ಎಡಗಡೆ ಮೂರನೇ ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಮಾರನೇ ದಿನವೇ ಬೂಟು ಬದಲಾಯಿಸಿ ಅಲೈನ್‌ಮೆಂಟ್ ಮಾಡಿಸಿದೆ. ಬಿಚ್ಚಿದಾಗ ನೋಡಿದೆ, ಶಾಫ್ಟ್ ಹೊಸದರ ಹಾಗೆ ಹೊಳೆಯುತ್ತಿತ್ತು.