ಮಧ್ಯದಲ್ಲೇ ಎದ್ದು ಹೋಗೋರಿಗೆ ಯಾವ ಶೂಟರ್ ಸರಿ?

ರಾತ್ರಿ ಒಂಬತ್ತೂಮುಕ್ಕಾಲು. ಮಗಳು ಮಲಗಿದ್ದಾಳೆ, ಅಂದರೆ ಸದ್ಯಕ್ಕೆ ಸದ್ದಿಲ್ಲ. ಬೆಳಿಗ್ಗೆ ಬೇಗ ಏಳಬೇಕು. ನನ್ನ ಪಾಲಿಗೆ ಉಳಿದಿರುವುದು ಹೆಚ್ಚೆಂದರೆ ನಲವತ್ತು ನಿಮಿಷ. ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಳ್ಳುತ್ತೇನೆ. ಇನ್ನೊಂದು ಕಿವಿ ಪಕ್ಕದ ಕೋಣೆಗೆ ಮೀಸಲು.

ಈ ನಲವತ್ತು ನಿಮಿಷಕ್ಕೆ ಯಾವ ಗೇಮ್ ಹೊಂದುತ್ತೆ ಅಂತ ಮೂರು ತಿಂಗಳು ಆಡಿ ನೋಡಿದೆ. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2, ಓವರ್‌ವಾಚ್ 2, ಕೊನೆಗೆ ನನ್ನ ಕಾಲೇಜು ದಿನಗಳ ಟೀಮ್ ಫೋರ್ಟ್ರೆಸ್ 2. ನಾಲ್ಕೂ ದುಡ್ಡು ಕೊಡದೆ ಆನ್‌ಲೈನ್ ಆಡಬಹುದಾದ ತಂಡದ ಶೂಟರ್‌ಗಳು, ಅಂದರೆ ಗುಂಡು ಹಾರಿಸುವ ಆಟಗಳು. ವಯಸ್ಸಿನಲ್ಲಿ ಮಾತ್ರ ಒಂದು ಅಜ್ಜ, ಉಳಿದವು ಮೊಮ್ಮಕ್ಕಳು. ಟೀಮ್ ಫೋರ್ಟ್ರೆಸ್ 2 ಬಂದಿದ್ದು 2007ರಲ್ಲಿ, ಉಚಿತವಾಗಿದ್ದು 2011ರ ಜೂನ್‌ನಲ್ಲಿ. ವ್ಯಾಲೊರಂಟ್ 2020ರದ್ದು, ಓವರ್‌ವಾಚ್ 2 2022ರದ್ದು, ಕೌಂಟರ್-ಸ್ಟ್ರೈಕ್ 2 2023ರದ್ದು.

ಗ್ರಾಫಿಕ್ಸ್ ಬಗ್ಗೆ, ಗನ್ನುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಪರೀಕ್ಷೆ ಒಂದೇ. ಮ್ಯಾಚ್ ಮಧ್ಯೆ "ಅಪ್ಪಾ" ಅಂತ ಕೂಗು ಬಂದರೆ ಏನಾಗುತ್ತೆ?

ಮೊದಲು ವ್ಯಾಲೊರಂಟ್. ಆಟವಾಗಿ ನೋಡಿದರೆ ನಾಲ್ಕರಲ್ಲಿ ಇದೇ ಅಚ್ಚುಕಟ್ಟು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐದು ಜನರ ಎದುರು ಐದು ಜನ. ಒಂದು ತಂಡ ಸ್ಪೈಕ್ ಅನ್ನುವ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಮೊದಲು 13 ರೌಂಡ್ ಗೆದ್ದವರಿಗೆ ಮ್ಯಾಚ್. ಹೆಜ್ಜೆ ಸದ್ದು ಯಾವ ಕಡೆಯಿಂದ ಬಂತು, ಯಾರು ಯಾವ ಮೂಲೆಯಲ್ಲಿದ್ದಾರೆ, ಎಲ್ಲ ಸ್ಪಷ್ಟ. ಸತ್ತರೆ ಯಾಕೆ ಸತ್ತೆ ಅಂತ ಗೊತ್ತಾಗುತ್ತೆ. ಇದು ಸಣ್ಣ ಮಾತಲ್ಲ.

ಆದರೆ ಸಮಬಲದ ಮ್ಯಾಚ್ ಸಿಕ್ಕಿತು ಅಂದರೆ ನನ್ನ ನಲವತ್ತು ನಿಮಿಷ ಅದೊಂದಕ್ಕೇ ಹೋಯಿತು. ಒಂದು ರಾತ್ರಿ ಸ್ಕೋರ್ 10-9. ನನ್ನ ತಂಡದ ನಾಲ್ವರೂ ಸತ್ತಿದ್ದಾರೆ, ನಾನೊಬ್ಬನೇ ಉಳಿದಿದ್ದೇನೆ. ಎದುರಾಳಿಗಳು ಸ್ಪೈಕ್ ಇಟ್ಟಾಗಿದೆ. ಇಟ್ಟ ಮೇಲೆ ಸಿಡಿಯುವುದಕ್ಕೆ 45 ಸೆಕೆಂಡ್. ಆಗ ಬಂತು, "ಅಪ್ಪಾ, ನೀರು." ಒಂದ್ನಿಮಿಷ ಪುಟ್ಟಾ ಅಂದೆ. ಎರಡನೇ ಸಲ ದನಿ ಬಾಗಿಲ ಹತ್ತಿರದಿಂದಲೇ ಬಂತು. ತಿರುಗಿ ನೋಡಿದೆ, ಅಷ್ಟರಲ್ಲಿ ಇಲ್ಲಿ ಸತ್ತಿದ್ದೆ. ಎದ್ದು ಹೋಗಿ ನೀರು ಕೊಟ್ಟು, ಮಲಗಿಸಿ, ಕಥೆಯ ಅರ್ಧ ಹೇಳಿ ಬರುವಷ್ಟರಲ್ಲಿ ಉಳಿದ ನಾಲ್ವರು ಐವರ ಎದುರು ಆಡಿ ಸೋತಿದ್ದರು. ನನಗೆ ಎಚ್ಚರಿಕೆಯೂ ಬಂದಿತ್ತು.

ತಪ್ಪು ಗೇಮಿನದಲ್ಲ. ಐದೇ ಜನರ ತಂಡದಲ್ಲಿ ಒಬ್ಬ ಎದ್ದರೆ ಉಳಿದವರ ಸಂಜೆ ಹಾಳು. ಅವರಲ್ಲೂ ಯಾರಿಗೋ ನಲವತ್ತೇ ನಿಮಿಷ ಇದ್ದಿರಬಹುದು. ಶಿಕ್ಷೆ ಇರಲೇಬೇಕು. ನಾನು ಆ ಮೇಜಿಗೆ ಕೂರಬಾರದು, ಅಷ್ಟೇ.

ಹಾಗಂತ ವ್ಯಾಲೊರಂಟ್‌ನಲ್ಲಿ ಚಿಕ್ಕ ಆಟಗಳು ಇಲ್ಲ ಅಂತಲ್ಲ. ಸ್ಪೈಕ್ ರಶ್‌ನಲ್ಲಿ ನಾಲ್ಕು ರೌಂಡ್ ಗೆದ್ದರೆ ಮುಗಿಯಿತು. ಸ್ವಿಫ್ಟ್‌ಪ್ಲೇಯಲ್ಲಿ ಐದು. ಒಂದು ವಾರ ಅವನ್ನೇ ಆಡಿದೆ. ಅಲ್ಲೂ ಇನ್ನೊಂದು ತೊಂದರೆ. ಪೂರ್ತಿ ರಕ್ಷಾಕವಚ ಹಾಕಿಕೊಂಡರೂ ನಮಗಿರುವ ಆರೋಗ್ಯ 150 ಪಾಯಿಂಟ್, ವ್ಯಾಂಡಲ್ ಗನ್ನಿನ ಒಂದು ಗುಂಡು ತಲೆಗೆ ಬಿದ್ದರೆ ಹೋಗುವುದು 160. ಎಷ್ಟೇ ದೂರದಿಂದ ಹೊಡೆದರೂ ಅಷ್ಟೇ. ಮೊದಲು ನೋಡಿ ಹೊಡೆದವನು ಗೆದ್ದ. ಮೂವತ್ತೈದು ದಾಟಿದ, ದಿನವಿಡೀ ಕೀಬೋರ್ಡ್ ಕುಟ್ಟಿದ ಕೈ ಇದು, ಎದುರಿಗೆ ಹದಿನೆಂಟರ ಹುಡುಗರು. ಸತ್ತ ಮೇಲೆ ರೌಂಡ್ ಮುಗಿಯುವವರೆಗೆ ಬೇರೆಯವರ ಆಟ ನೋಡುತ್ತಾ ಕೂರಬೇಕು. ನನ್ನ ನಲವತ್ತು ನಿಮಿಷದಲ್ಲಿ ಹತ್ತು ಹದಿನೈದು ಹೀಗೇ ಕಳೆದವು.

ಮತ್ತೆ ಆ ವ್ಯಾನ್‌ಗಾರ್ಡ್. ಮೋಸ ತಡೆಯುವ ಸಾಫ್ಟ್‌ವೇರ್. ಕಂಪ್ಯೂಟರ್ ಶುರುವಾಗುವಾಗಲೇ ವಿಂಡೋಸ್‌ನ ಒಳಪದರದಲ್ಲಿ ಕೂತುಬಿಡುತ್ತೆ. ಅದನ್ನು ಬಂದ್ ಮಾಡಿದ್ದರೆ, ಆಡುವ ಮುಂಚೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕು. ಆಫೀಸ್ ಕೆಲಸವನ್ನೂ ಇದೇ ಕಂಪ್ಯೂಟರಿನಲ್ಲಿ ಮಾಡುವವನು ನಾನು, ಹಗಲಲ್ಲಿ ಬಂದ್ ಮಾಡುತ್ತಿದ್ದೆ. ರಾತ್ರಿ ರೀಸ್ಟಾರ್ಟ್. ಅದಕ್ಕೆ ತಕ್ಕ ಫಲವೂ ಇದೆ ಅನ್ನಿ, ಮೋಸಗಾರರು ನನಗೆ ಕಂಡಿದ್ದು ತೀರಾ ಕಡಿಮೆ.

ಕೌಂಟರ್-ಸ್ಟ್ರೈಕ್ 2 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇದರ ಮುಖ್ಯ ಆಟವೂ 13 ರೌಂಡಿನದೇ. ಅರ್ಧಕ್ಕೆ ಬಿಟ್ಟರೆ ಮೊದಲ ಸಲ ಅರ್ಧ ಗಂಟೆ ಹೊರಗೆ, ಹೀಗೇ ಮಾಡುತ್ತಾ ಹೋದರೆ ಎರಡು ಗಂಟೆ, ಒಂದು ದಿನ, ಏಳು ದಿನ. ಕ್ಯಾಶುವಲ್ ಅಂತ ಹತ್ತತ್ತು ಜನರ ಆಟ ಇದೆ. ಅಲ್ಲಿ ಬಂದು ಹೋಗುವವರನ್ನು ಯಾರೂ ಕೇಳುವುದಿಲ್ಲ. ಆದರೆ ಅಲ್ಲಿ ಆಡುವಾಗಲೆಲ್ಲ ಮುಖ್ಯ ಊಟ ಬೇರೆ ಕೋಣೆಯಲ್ಲಿ ನಡೀತಿದೆ ಅನ್ನಿಸುತ್ತಿತ್ತು. ಹತ್ತು ದಿನಕ್ಕೆ ತೆಗೆದು ಹಾಕಿದೆ.

ಓವರ್‌ವಾಚ್ 2 ನನ್ನನ್ನು ನಿಜವಾಗಿ ಗೊಂದಲಕ್ಕೆ ಹಾಕಿತು. ಪರೀಕ್ಷೆಯಲ್ಲಿ ಅರ್ಧ ಪಾಸ್. ಕ್ವಿಕ್ ಪ್ಲೇ ಅನ್ನುವ ಮಾಮೂಲಿ ಮ್ಯಾಚ್ ಸುಮಾರು ಹತ್ತು ನಿಮಿಷದ್ದು. ಸತ್ತರೆ ಸ್ವಲ್ಪ ಹೊತ್ತಿಗೆ ಮತ್ತೆ ಹುಟ್ಟುತ್ತೀರಿ. ಒಬ್ಬ ಎದ್ದು ಹೋದರೆ ಅವನ ಜಾಗಕ್ಕೆ ಇನ್ನೊಬ್ಬನನ್ನು ತಂದು ಕೂರಿಸುತ್ತೆ. ಪದೇ ಪದೇ ಎದ್ದರೆ ಮಾತ್ರ ಸ್ವಲ್ಪ ಹೊತ್ತು ಹೊರಗೆ ನಿಲ್ಲಿಸುತ್ತೆ, ಅದು ನ್ಯಾಯವೇ. ಮೊದಲೆಲ್ಲ ಹೊಸ ಹೀರೋ, ಅಂದರೆ ಆಡುವ ಪಾತ್ರ, ಬೇಕಾದರೆ ಬ್ಯಾಟಲ್ ಪಾಸ್ ಅನ್ನುವ ಬಹುಮಾನದ ಏಣಿಯ ಮೆಟ್ಟಿಲು ಹತ್ತಬೇಕಿತ್ತು. 2024ರಿಂದ ಎಲ್ಲ ಹೀರೋಗಳೂ ಎಲ್ಲರಿಗೂ ಸಿಗುತ್ತಾರೆ. ಗುರಿ ಸರಿಯಿಲ್ಲದ ನನ್ನಂಥವರಿಗೆ ಮರ್ಸಿ ಇದ್ದಾಳೆ, ಯಾರದೋ ಬೆನ್ನ ಹಿಂದೆ ಹಾರುತ್ತಾ ಗಾಯ ವಾಸಿ ಮಾಡುತ್ತಾ ಇರಬಹುದು.

ತೊಂದರೆ ಆಗಿದ್ದು ಬೇರೆ ಕಡೆ. ಮಧ್ಯೆ ಕೆಲಸದ ಒತ್ತಡ, ಮೂರು ವಾರ ಆಡಲಿಲ್ಲ. ವಾಪಸ್ ಬಂದರೆ ಸೀಸನ್, ಅಂದರೆ ಆಟ ಹೊಸದಾಗುವ ಕಂತು, ಬದಲಾಗಿತ್ತು. ಹೀರೋಗಳ ಶಕ್ತಿ ಏರಿಳಿದಿತ್ತು. ಮ್ಯಾಚಿನ ಒಳಗೇ ಆರಿಸಿಕೊಳ್ಳುವ ಪರ್ಕ್ ಅನ್ನುವ ಹೆಚ್ಚುವರಿ ಶಕ್ತಿಗಳು ಬೇರೆ. 40ಕ್ಕೂ ಹೆಚ್ಚು ಹೀರೋಗಳು, ಒಬ್ಬೊಬ್ಬರಿಗೆ ನಾಲ್ಕೈದು ವಿದ್ಯೆ. ಕೆಲಸ ಬಿಟ್ಟ ಹಳೇ ಆಫೀಸಿಗೆ ಹೋದ ಹಾಗಿತ್ತು. ಕಟ್ಟಡ ಅದೇ, ಕುರ್ಚಿಗಳಲ್ಲಿ ಬೇರೆ ಜನ. ಒಂದು ರಾತ್ರಿಯ ಪೂರ್ತಿ ಸಮಯ ಏನೇನು ಬದಲಾಗಿದೆ ಅಂತ ಓದುವುದರಲ್ಲೇ ಹೋಯಿತು. ಬಲಗಡೆ ಮೂಲೆಯಲ್ಲಿ ಬ್ಯಾಟಲ್ ಪಾಸ್ ಮುಗಿಯಲು ಇಷ್ಟು ದಿನ ಬಾಕಿ ಅಂತ ಬೇರೆ. ನನಗೆ ಹೋಂವರ್ಕ್ ಕೊಡುವ ಆಟ ಬೇಡ, ಮಗಳದ್ದೇ ಸಾಕಷ್ಟಿದೆ.

ಆಮೇಲೆ ಟೀಮ್ ಫೋರ್ಟ್ರೆಸ್ 2. ನಿಜ ಹೇಳಬೇಕೆಂದರೆ ಇದನ್ನು ಸುಮ್ನೆ ಒಂದು ಸಲ ನೋಡೋಣ ಅಂತ ಇಳಿಸಿಕೊಂಡೆ, ಪಟ್ಟಿಯಲ್ಲಿ ಇರಲೇ ಇಲ್ಲ. 2011ರಲ್ಲಿ ಉಚಿತವಾದ ಹೊಸದರಲ್ಲಿ ಹಾಸ್ಟೆಲಿನಲ್ಲಿ ಬೆಳಗಾಗುವವರೆಗೆ ಆಡುತ್ತಿದ್ದ ಗೇಮ್. ಲಾಗಿನ್ ಆದರೆ ಬ್ಯಾಕ್‌ಪ್ಯಾಕ್‌ನಲ್ಲಿ ಆಗಿನ ಸಾಮಾನೆಲ್ಲ ಹಾಗೇ ಕೂತಿದೆ, ಒಂದು ಕೆಟ್ಟ ಟೋಪಿ ಸಮೇತ. ಅಂದು ಅದಕ್ಕಾಗಿ ಒಬ್ಬ ಗೆಳೆಯನ ಜೊತೆ ಜಗಳ ಆಡಿದ್ದೆ.

ಒಂಬತ್ತು ಪಾತ್ರಗಳು, ಇವತ್ತಿಗೂ ಒಂಬತ್ತೇ. ಸ್ಕೌಟ್, ಸೋಲ್ಜರ್, ಪೈರೊ, ಡೆಮೊಮನ್, ಹೆವಿ, ಎಂಜಿನಿಯರ್, ಮೆಡಿಕ್, ಸ್ನೈಪರ್, ಸ್ಪೈ. ಮೊದಲ ರಾತ್ರಿ ಜಂಬದಲ್ಲಿ ಸ್ಕೌಟ್ ತಗೊಂಡೆ. ಕಾಲೇಜಿನಲ್ಲಿ ನಾನು ಸ್ಕೌಟ್ ಆಡುವವನು. ಗಾಳಿಯಲ್ಲಿ ಎರಡನೇ ಸಲ ನೆಗೆಯುವುದು ಬೆರಳಿಗೆ ನೆನಪಿತ್ತು, ಕಣ್ಣಿಗೆ ನೆನಪಿರಲಿಲ್ಲ. ಹತ್ತು ನಿಮಿಷದಲ್ಲಿ ಹನ್ನೊಂದು ಸಲ ಸತ್ತೆ.

ಎರಡನೇ ರಾತ್ರಿ ಮೆಡಿಕ್ ಆದೆ. ಮ್ಯಾಪ್ ಅಪ್‌ವರ್ಡ್, ಬಾಂಬಿನ ಗಾಡಿಯನ್ನು ಹಳಿಯ ಮೇಲೆ ಬೆಟ್ಟ ಹತ್ತಿಸಿ ಕೊನೆಯ ಗುಂಡಿಗೆ ಬೀಳಿಸಬೇಕು. ನಾನು ಒಬ್ಬ ಹೆವಿಯ ಹಿಂದೆ ಅಂಟಿಕೊಂಡೆ. ಅವನಿಗೆ ಇರುವ ಆರೋಗ್ಯ 300. ಗಾಯ ವಾಸಿ ಮಾಡುವ ಮೆಡಿಕ್ ಗನ್ ಅವನತ್ತ ಹಿಡಿದರೆ 450ರವರೆಗೆ ಏರುತ್ತೆ. ಹಾಗಾಗಿ ಯಾರೋ ಹೊಡೆದರು, ಎಲ್ಲಿಂದ ಹೊಡೆದರು, ಏನು ಮಾಡೋಣ ಅಂತ ಯೋಚಿಸಲು ಪುರಸೊತ್ತು ಸಿಗುತ್ತೆ. ವಾಸಿ ಮಾಡುತ್ತಾ ಹೋದರೆ ಉಬರ್‌ಚಾರ್ಜ್ ತುಂಬುತ್ತೆ, ಬೇಗ ಅಂದರೆ 40 ಸೆಕೆಂಡಿಗೆ. ತುಂಬಿದ ಮೇಲೆ ಬಲ ಬಟನ್ ಒತ್ತಿದರೆ ಇಬ್ಬರಿಗೂ 8 ಸೆಕೆಂಡ್ ಏನೂ ತಾಗುವುದಿಲ್ಲ. ಕೊನೆಯ ತಿರುವಿನಲ್ಲಿ ಒಬ್ಬ ಎಂಜಿನಿಯರ್ ತಾನೇ ಗುರಿ ಹಿಡಿದು ಹೊಡೆಯುವ ಸೆಂಟ್ರಿ ಗನ್ ಇಟ್ಟು ಕೂತಿದ್ದ, ಅರ್ಧ ತಂಡ ಅಲ್ಲೇ ಸಾಯುತ್ತಿತ್ತು. ಬಟನ್ ಒತ್ತಿದೆ. ಹೆವಿ ಮಿಂಚುತ್ತಾ, ಜೋರಾಗಿ ನಗುತ್ತಾ ನುಗ್ಗಿದ. ಐದನೇ ಸೆಕೆಂಡಿಗೆ ಸೆಂಟ್ರಿ ಪುಡಿ.

ಸರಿಯಾಗಿ ಆಗಲೇ, "ಅಪ್ಪಾ."

ಎದ್ದು ಹೋದೆ. ಯಾವ ಬಟನ್ನೂ ಒತ್ತಲಿಲ್ಲ. ಈ ಸಲ ಕಥೆ ಪೂರ್ತಿ ಹೇಳಿದೆ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಸರ್ವರ್ ನನ್ನನ್ನು ಪ್ರೇಕ್ಷಕರ ಸಾಲಿಗೆ ತಳ್ಳಿತ್ತು. ಅದೇ ಹೆವಿ ಇನ್ನೂ ಆಡುತ್ತಿದ್ದ, ಬೆನ್ನ ಹಿಂದೆ ಬೇರೊಬ್ಬ ಮೆಡಿಕ್. ನಾನು ಹೋಗಿದ್ದೂ ಗೊತ್ತಿಲ್ಲ, ಬಂದಿದ್ದೂ ಗೊತ್ತಿಲ್ಲ. ಎಚ್ಚರಿಕೆ ಇಲ್ಲ, ಬೈಗುಳ ಇಲ್ಲ. ಒಂದು ಕಡೆಗೆ ಹನ್ನೆರಡು ಜನ ಇರುವಾಗ ಒಬ್ಬ ಎದ್ದರೆ ಬೆಂಚು ಖಾಲಿ ಕಾಣುವುದಿಲ್ಲ. ನಾನಿಲ್ಲದೆ ಯಾವುದೂ ನಡೆಯಲ್ಲ ಅಂತ ಆಫೀಸಿನಲ್ಲಿ ಇಡೀ ದಿನ ಕೇಳಿ ಬಂದವನಿಗೆ ಇದು ಎಂಥ ಸಮಾಧಾನ ಗೊತ್ತಾ!

ಗೇಮೇ ಜೋಡಿಸಿಕೊಡುವ ಕ್ಯಾಶುವಲ್ ಮ್ಯಾಚ್‌ಗಳ ಕ್ಯೂನಲ್ಲೂ ಹೀಗೇ, ಎದ್ದರೆ ದಂಡ ಇಲ್ಲ. ನಾನು ಜಾಸ್ತಿ ಆಡುವುದು ಆಟಗಾರರೇ ನಡೆಸುವ ಕಮ್ಯುನಿಟಿ ಸರ್ವರ್‌ಗಳಲ್ಲಿ. ಪಟ್ಟಿ ತೆಗೆದು, ಪಿಂಗ್ (ಸರ್ವರ್ ಉತ್ತರಿಸಲು ಹಿಡಿಯುವ ಸಮಯ) ಕಡಿಮೆ ಇರುವುದನ್ನು ಆರಿಸಿ ಒಳಗೆ ಹೋಗುವುದು. ಕ್ಯೂನಲ್ಲಿ ಕಾಯುವ ಮಾತೇ ಇಲ್ಲ.

ಮೂರು ವಾರ ಬಿಟ್ಟು ಬಂದರೆ? ಇಲ್ಲಿ ಹದಿನಾಲ್ಕು ವರ್ಷ ಬಿಟ್ಟು ಬಂದವನೇ ಆಡಿದ್ದೇನೆ. ಕೊನೆಯ ದೊಡ್ಡ ಅಪ್‌ಡೇಟ್ ಜಂಗಲ್ ಇನ್‌ಫರ್ನೊ, 2017ರಲ್ಲಿ. ಅದರ ನಂತರ ಹಬ್ಬಕ್ಕೊಮ್ಮೆ ಅಭಿಮಾನಿಗಳು ಮಾಡಿದ ಮ್ಯಾಪು, ಟೋಪಿ ಬರುತ್ತವೆ, ಅಷ್ಟೇ. ದಿನಾ ಆಡುವವರಿಗೆ ಇದು ದೊಡ್ಡ ಬೇಸರ, ಅವರ ಬೇಸರ ಸರಿಯೇ. ನನಗೆ ಮಾತ್ರ ವರದಾನ. ಅಪ್‌ವರ್ಡ್‌ನ ಆ ತಿರುವು 2010ರಲ್ಲಿ ಎಲ್ಲಿತ್ತೋ ಈಗಲೂ ಅಲ್ಲೇ ಇದೆ. ಸೆಂಟ್ರಿ ಕಟ್ಟಲು ಆಗಲೂ 130 ಮೆಟಲ್, ಈಗಲೂ 130. ಸೀಸನ್ ಮುಗಿಯುವುದರೊಳಗೆ ಮುಗಿಸಲೇಬೇಕಾದ ಪಾಸ್ ಇಲ್ಲ.

ಇಷ್ಟು ಹೊಗಳಿದ ಮೇಲೆ ಬೈಯಲೇಬೇಕು. ಈ ಗೇಮ್ ಹಳೆಯದು, ಹಳೆಯದರ ಹಾಗೇ ನಡೆದುಕೊಳ್ಳುತ್ತೆ. 2020ರ ಆಸುಪಾಸಿನಿಂದ ಕೆಲವು ವರ್ಷ ಕ್ಯಾಶುವಲ್ ಮ್ಯಾಚ್‌ಗಳಲ್ಲಿ ಬಾಟ್‌ಗಳ ಹಾವಳಿ. ಮನುಷ್ಯರೇ ಅಲ್ಲದ ಸ್ನೈಪರ್‌ಗಳು ಬಂದು ಎಲ್ಲರ ತಲೆಗೆ ಹೊಡೆದು ಹೋಗುತ್ತಿದ್ದವು. ಆಟಗಾರರು 2022ರಲ್ಲಿ ಒಂದು ಸಲ, 2024ರಲ್ಲಿ ಇನ್ನೊಂದು ಸಲ ದೊಡ್ಡ ಅಭಿಯಾನ ಮಾಡಿದರು. 2024ರ ಮಧ್ಯದಲ್ಲಿ ಸಾಲಾಗಿ ಅಕೌಂಟ್‌ಗಳನ್ನು ಬ್ಯಾನ್ ಮಾಡಿದ ಮೇಲೆ ಪರಿಸ್ಥಿತಿ ಸುಧಾರಿಸಿತು. ನನಗೆ ಈ ಅವಧಿಯಲ್ಲಿ ಅನುಮಾನ ಬಂದಿದ್ದು ಎರಡೇ ಸಲ. ಆದರೆ ಆ ಬಾಟ್ ಕಾಲದ ಒಂದು ಕಟ್ಟುಪಾಡು ಉಳಿದಿದೆ. ಒಂದು ರೂಪಾಯಿಯೂ ಖರ್ಚು ಮಾಡದ ಹೊಸ ಅಕೌಂಟಿಗೆ ಮ್ಯಾಚ್‌ನಲ್ಲಿ ಚಾಟ್ ಮಾಡಲು, ಮೈಕ್‌ನಲ್ಲಿ ಮಾತಾಡಲು ಬಿಡುವುದಿಲ್ಲ. ಮೊದಲ ಸಲ ಬರುವವರು ಮೂಗರ ಹಾಗೆ ಆಡಬೇಕು.

ಎದುರಾಳಿಗಳ ಮಟ್ಟವೂ ಕಲಸುಮೇಲೋಗರ. ಸಾವಿರಾರು ಗಂಟೆ ಆಡಿದ ಸೋಲ್ಜರ್ ಒಬ್ಬ ರಾಕೆಟ್ ಸಿಡಿಸಿ ಅದರ ರಭಸದಲ್ಲಿ ಹಾರಿ ಬಂದು ತಲೆ ಮೇಲೆ ಇಳಿಯುತ್ತಾನೆ, ಅವನ ಪಕ್ಕದಲ್ಲೇ ಇನ್ನೊಬ್ಬ ಗೋಡೆಗೆ ಗುಂಡು ಹಾರಿಸುತ್ತಿರುತ್ತಾನೆ. ವ್ಯಾಲೊರಂಟ್‌ನಲ್ಲಿ ಹೀಗಾಗುವುದು ಕಡಿಮೆ. ಇನ್ನು ಟೋಪಿಗಳು. ಮೂಲದಲ್ಲಿ ಈ ಒಂಬತ್ತು ಪಾತ್ರಗಳನ್ನು ಬರೀ ನೆರಳಿನಿಂದಲೇ ಗುರುತು ಹಿಡಿಯಬಹುದಿತ್ತು, ಹಾಗೇ ರೂಪಿಸಿದ್ದರು. ಈಗ ಮೈತುಂಬ ಅಲಂಕಾರ. ದೂರದಲ್ಲಿ ಬರುತ್ತಿರುವುದು ಪೈರೊನೋ ಯಾವುದೋ ಹಕ್ಕಿಯೋ ಅಂತ ನೋಡುವಷ್ಟರಲ್ಲಿ ಬೆಂಕಿ ಹತ್ತಿರುತ್ತೆ.

ಹಾಗಾದರೆ ಯಾರಿಗೆ ಯಾವುದು? ವಾರದಲ್ಲಿ ಎರಡು ರಾತ್ರಿ ಯಾರೂ ಕರೆಯದ ಒಂದು ಗಂಟೆ ನಿಮಗೆ ಸಿಗುತ್ತೆ, ನಾಲ್ಕು ಗೆಳೆಯರೂ ಇದ್ದಾರೆ ಅಂದರೆ ವ್ಯಾಲೊರಂಟ್ ಆಡಿ, ಅದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಗೆಳೆಯನೊಬ್ಬ ಜೊತೆಗಿದ್ದು, ಹೆಚ್ಚೂಕಡಿಮೆ ದಿನಾ ಆಡುತ್ತೀರಿ ಅಂದರೆ ಓವರ್‌ವಾಚ್ 2. ನಾನೂ ಅದನ್ನು ತೆಗೆದು ಹಾಕಿಲ್ಲ. ಶನಿವಾರ ತಮ್ಮ ಆನ್‌ಲೈನ್ ಬಂದರೆ ಎರಡು ಮ್ಯಾಚ್ ಆಡುತ್ತೇವೆ. "ಅಣ್ಣ, ನೀನು ಇನ್ನೂ ಹೋದ ಸೀಸನ್‌ನಲ್ಲೇ ಇದ್ದೀಯ" ಅಂತ ಅವನು ಪ್ರತಿ ಸಲ ಹೇಳುತ್ತಾನೆ. ಹೌದು, ಇದ್ದೇನೆ. ಉಳಿದ ರಾತ್ರಿಗಳೆಲ್ಲ ಟೀಮ್ ಫೋರ್ಟ್ರೆಸ್ 2.

ನನ್ನ ಹಾಗೆ ಮೆಡಿಕ್ ಆಗುವವರಿಗೆ ಒಂದು ಸುಳಿವು. ಗೇಮಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ, ಬಟನ್ ಒತ್ತಿ ಹಿಡಿಯದೇ ಮೆಡಿಕ್ ಗನ್ ಕೆಲಸ ಮಾಡುತ್ತಾ ಇರುವ ಹಾಗೆ ಒಂದು ಟಿಕ್ ಇದೆ. ಅದನ್ನು ಹಾಕಿಕೊಳ್ಳಿ. ಒಂದು ಸಲ ಒತ್ತಿ ಬಿಟ್ಟರೆ ಆಯಿತು. ಮೊನ್ನೆ ಮಗಳು ನಿದ್ದೆಗಣ್ಣಲ್ಲಿ ಬಂದು ತೊಡೆ ಮೇಲೆ ಒರಗಿದಳು. ಹೆವಿ ಮೂಲೆಯಲ್ಲಿ ನಿಂತು ಗುಂಡು ಹಾರಿಸುತ್ತಿದ್ದ. ನನ್ನ ಎಡಗೈ ಕೀಬೋರ್ಡ್ ಮೇಲೆ, ಬಲಗೈ ಅವಳ ಬೆನ್ನ ಮೇಲೆ. ಅವಳು ಮಲಗುವಷ್ಟರಲ್ಲಿ ಉಬರ್ ತುಂಬಿತ್ತು.